ಹೆಚ್ಚಿಗೆ ಹೊಲಿದ ಟೋಪಿ

ಗುರುವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯಿಂದ

ನನ್ನ ಮುದ್ದು ಮರಿ,

ಹೇಗಿದ್ದೀಯ? ಹಾಸ್ಟೆಲಿನವರು ಆ ಗುಂಡಿಬಿದ್ದ ಹಾಸಿಗೆ ಬದಲಾಯಿಸಿಕೊಟ್ಟರಾ, ಇಲ್ಲ ಇನ್ನೂ ನಾಳೆ ನಾಳೆ ಎನ್ನುತ್ತಿದ್ದಾರಾ? ಎಕ್ಸ್‌ರೇ ಕೋಣೆಯ ಕೆಲಸ ಕೈಗೆ ಹತ್ತಿತಾ? ನಿನ್ನ ಕಾಗದ ಬಂದು ಸುಮಾರು ದಿನವಾಯಿತು, ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಬಲಗೈ ಹಿಡಿದುಕೊಂಡಿತ್ತು. ಪೆನ್ನು ಎತ್ತಿದರೆ ಭುಜದವರೆಗೂ ಎಳೆಯುತ್ತಿತ್ತು. ಈಗ ಪರವಾಗಿಲ್ಲ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿನಗೆ ಕಾಗದ ಬರೆಯಬೇಕೆಂದು ನನಗೆ ಅಪ್ಪಣೆಯಾಗಿದೆ. "ಗಂಡನ ಮನೆಗೆ ವಾಪಸ್ ಹೋಗು ಅಂತ ನಿನ್ನ ಮಗಳಿಗೆ ಒಂದು ಕಾಗದ ಬರೆದುಬಿಡು. ತಾಯಿ ಹೇಳಿದರೆ ಕೇಳ್ತಾಳೆ" ಎಂದು ನಿನ್ನ ದೊಡ್ಡಪ್ಪ ಇಡೀ ಮನೆತನದ ಎದುರು ಹೇಳಿದ್ದಾರೆ. ಇಗೋ, ಇದೇ ಆ ಕಾಗದ. ಅವರಿಗೆ ಬೇಕಾದದ್ದು ಇದರಲ್ಲಿ ಇರುವುದಿಲ್ಲ, ಅಷ್ಟೇ.

ನಡೆದದ್ದು ಹೀಗೆ. ದೊಡ್ಡಪ್ಪನಿಗೆ ಎಪ್ಪತ್ತು ತುಂಬಿತು. ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಹಳೇ ಹೊಗೆಬಂಡಿ ನೆನಪಿದೆಯಲ್ಲ? ರೈಲಿನ ಹುಚ್ಚು ಹತ್ತಿದ ಒಂದಷ್ಟು ಜನ ಸೇರಿ ಅದನ್ನು ರಿಪೇರಿ ಮಾಡಿ ಭಾನುವಾರಗಳಂದು ಓಡಿಸುತ್ತಿದ್ದಾರೆ. ಬೆಳಿಗ್ಗೆ ಹೊರಟು, ಬೆಟ್ಟದಾಚೆಯ ಮುಚ್ಚಿಹೋದ ಸ್ಟೇಷನ್ನಿಗೆ ಹೋಗಿ, ಅಲ್ಲೇ ಊಟ ಮಾಡಿ, ಸಂಜೆಗೆ ವಾಪಸ್. ದೊಡ್ಡಪ್ಪ ಹುಟ್ಟುಹಬ್ಬಕ್ಕೆಂದು ಒಂದು ಇಡೀ ಬೋಗಿ ಹಿಡಿದರು. ಎಲ್ಲರ ತಲೆಗೂ ನೀಲಿ ಟೋಪಿ, ಇಂಜಿನ್ ಡ್ರೈವರ್ ಹಾಕಿಕೊಳ್ಳುವಂಥದ್ದು. ಮುಂದುಗಡೆ ಕೆಂಪು ದಾರದಲ್ಲಿ ಅವರವರ ಸಂಬಂಧ: ದೊಡ್ಡಮ್ಮ, ಚಿಕ್ಕಪ್ಪ, ಸೊಸೆ, ಮೊಮ್ಮಗ. ಹೊಲಿಯುವ ಕೆಲಸ ಯಾರಿಗೆ? ಇನ್ಯಾರಿಗೆ, ಮನೆಯ ಮುಂದಿನ ಕೋಣೆಯಲ್ಲೇ ಬಿಟ್ಟಿ ದರ್ಜಿ ಕೂತಿದ್ದಾಳಲ್ಲ.

ದೊಡ್ಡಪ್ಪ ನನ್ನ ಮಿಷನ್ ಪಕ್ಕ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರದೇ ಹೇಳುತ್ತ ಹೋದರು. ನಡುವೆ "ಅಳಿಯ" ಎಂದರು.

"ಯಾರ ಅಳಿಯ ಭಾವ?" ಎಂದು ಕೇಳಿದೆ.

"ನಿನ್ನ ಅಳಿಯನೇ. ಅವನನ್ನ ಕರೆದಿದ್ದೀನಿ."

"ಮಗಳನ್ನ?"

"ಅವಳು ಮೊದಲು ಅವಳ ಮನೆ ಸೇರಲಿ. ಆಮೇಲೆ ಟೋಪಿ ನೋಡೋಣ."

ಸಂಬಂಧ ತಂದವರು ಅವರೇ ಅಲ್ಲವೇ, ನೀನು ಆ ಮನೆ ಬಿಟ್ಟು ಬಂದದ್ದು ಅವರ ಮೀಸೆಗೆ ಮಣ್ಣು ಮೆತ್ತಿದ ಹಾಗೆ ಆಗಿದೆ. ನಾನು ಹೊಲಿಯುತ್ತ ಹೋದೆ. ಎಲ್ಲರ ಟೋಪಿಗೂ ಹಿಂದುಗಡೆ ಎಲಾಸ್ಟಿಕ್ ಕೊಟ್ಟೆ, ಅವನದಕ್ಕೆ ಮಾತ್ರ ಕೊಡಲಿಲ್ಲ. ಉಳಿದ ಬಟ್ಟೆಯಲ್ಲಿ ಇನ್ನೊಂದು ಟೋಪಿ ಹೊಲಿದು "ಮಗಳು" ಎಂದು ಬರೆದೆ. ಒಳಗೆ ಮೆತ್ತನೆಯ ಲೈನಿಂಗ್ ಕೊಟ್ಟಿದ್ದು ಅದೊಂದಕ್ಕೇ.

ಭಾನುವಾರ ಸ್ಟೇಷನ್ನಿನಲ್ಲಿ ದೊಡ್ಡಪ್ಪನನ್ನು ನೀನು ನೋಡಬೇಕಿತ್ತು. ಕೊರಳಲ್ಲಿ ಸೀಟಿ, ಒಂದು ಕೈಯಲ್ಲಿ ಹಸಿರು ಬಾವುಟ, ಇನ್ನೊಂದರಲ್ಲಿ ಕೆಂಪು. ಹಸಿರು ತೋರಿಸಿದರೆ ನಾವು ಹಾಡಬೇಕು, ಕೆಂಪು ತೋರಿಸಿದರೆ ಬಾಯಿ ಮುಚ್ಚಬೇಕು. ನಿಜವಾದ ಗಾರ್ಡು ಪಾಪ, ತನ್ನ ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡು ಮೂಲೆಯಲ್ಲಿ ನಿಂತಿದ್ದ. ಇಂಜಿನ್ನು ಮಾತ್ರ ಚೆಂದವಿತ್ತು ಮರಿ. ಕರ್ರಗೆ, ಎಣ್ಣೆ ಹಚ್ಚಿ ಉಜ್ಜಿದ ಹಾಗೆ ಹೊಳೆಯುತ್ತ, ಉಸ್ ಉಸ್ ಎನ್ನುತ್ತ ನಿಂತಿತ್ತು. ನಿನಗೆ ತೋರಿಸಬೇಕಿತ್ತಲ್ಲಾ ಎಂದು ಹೊಟ್ಟೆ ಉರಿಯಿತು.

ನಾನು ಕಿಟಕಿಯ ಪಕ್ಕದ ಸೀಟಿನ ಮೇಲೆ ನಿನ್ನ ಟೋಪಿ ಇಟ್ಟು ಅದರ ಪಕ್ಕ ಕೂತೆ. ನಿನ್ನಪ್ಪ ಎದುರಿನ ಸೀಟಿನಲ್ಲಿ ಪೇಪರು ಬಿಡಿಸಿಕೊಂಡರು. ಅತ್ತ ಹೋಗುವವರು ಇತ್ತ ಬರುವವರು ಎಲ್ಲರೂ ಟೋಪಿ ಓದಿ ಮುಖ ತಿರುಗಿಸಿಕೊಂಡರು. ನಿನ್ನ ದೊಡ್ಡಮ್ಮ ಒಬ್ಬಳು ಬಗ್ಗಿ, "ಎಲ್ಲರಿಗಿಂತ ಚೆನ್ನಾಗಿ ಹೊಲಿದಿದ್ದೀಯ ಕಣೇ ಇದನ್ನ" ಎಂದು ಮುಂದೆ ಹೋದಳು.

ಆ ಮೆದುಮಾತಿನವನು ಬಂದ. ಎಲ್ಲರ ಕಾಲಿಗೂ ಬಿದ್ದ, ಮಕ್ಕಳಿಗೆ ಚಾಕೊಲೇಟ್ ಹಂಚಿದ. ತಲೆ ಮೇಲಿನ ಟೋಪಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮಾಡಬೇಕು ಎಲ್ಲವನ್ನೂ. ಸೇತುವೆ ಬಂದಾಗ ಕಿಟಕಿಯಿಂದ ತಲೆ ಹೊರಹಾಕಿದ. "ಅಳಿಯ" ಹಾರಿಹೋಗಿ ಹೊಳೆ ಸೇರಿತು. ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದ ಹಾಗೆ ಮಾಡಿದೆ.

ಸೇತುವೆ ದಾಟಿದ ಮೇಲೆ ದೊಡ್ಡಪ್ಪ ಎದ್ದು ನಿಂತು ಕೆಂಪು ಬಾವುಟ ತೋರಿಸಿದರು. ಎಲ್ಲರೂ ಸುಮ್ಮನಾದರು. ಕಾಗದದ ವಿಷಯ ತೆಗೆದದ್ದು ಆಗಲೇ.

"ಹುಡುಗ ದೊಡ್ಡ ಮನಸ್ಸು ಮಾಡಿದ್ದಾನೆ. ಕೋರ್ಟು ಗೀರ್ಟು ಬೇಡ, ಬಂದರೆ ಸಾಕು ಅಂತಿದ್ದಾನೆ. ನೋಡಮ್ಮ, ನಿನ್ನ ಮಗಳು ಹೇಳೋದು ಬಿಟ್ಟರೆ ಬೇರೆ ಸಾಕ್ಷಿ ಎಲ್ಲಿದೆ? ಅವನು ಕೈ ಮಾಡಿದ್ದನ್ನ ಯಾರು ನೋಡಿದ್ದಾರೆ? ಇಷ್ಟು ಮೆತ್ತಗೆ ಮಾತಾಡೋ ಹುಡುಗ. ಈ ವಾರದಲ್ಲೇ ಬರಿ."

"ಆಯ್ತು ಭಾವ, ಬರೀತೀನಿ" ಎಂದೆ. ಏನು ಬರೆಯುತ್ತೇನೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಗಾರ್ಡು ಕೂಗಿಕೊಂಡು ಬಂದ, "ಕಿಟಕಿ ಮುಚ್ಚಿ, ಸುರಂಗ ಬಂತು, ಹೊಗೆ ಒಳಗೆ ಬರತ್ತೆ" ಎಂದು. ಆ ಹಳೇ ಬೋಗಿಯಲ್ಲಿ ದೀಪವಿಲ್ಲ. ಕಿಟಕಿಯ ಚೌಕಟ್ಟು ಎರಡು ಕೈ ಹಾಕಿ ಎಳೆದರೂ ಜಗ್ಗುವುದಿಲ್ಲ. ಎಲ್ಲರೂ ತಮ್ಮ ತಮ್ಮ ಕಿಟಕಿಗಳ ಜೊತೆ ಗುದ್ದಾಡುತ್ತಿದ್ದರು. ಆ ಮೆದುಮಾತಿನವನು ನನಗೆ ಸಹಾಯ ಮಾಡುತ್ತೇನೆಂದು ಎದ್ದು ಬಂದ. ಕತ್ತಲಾಯಿತು. ಮತ್ತೆ ಬೆಳಕು ಬಂದಾಗ ನಿನ್ನ ಟೋಪಿ ನೆಲದ ಮೇಲಿತ್ತು, ಅದರ ಮೇಲೆ ಬೂಟಿನ ಅಚ್ಚು. ನನ್ನ ಹೊಸ ರವಿಕೆಯ ತೋಳಿನ ಹೊಲಿಗೆ ಬಿಟ್ಟುಕೊಂಡಿತ್ತು. ಬೀದಿಗೆಲ್ಲ ಹೊಲಿದುಕೊಡುವವಳ ರವಿಕೆಯೇ ಹೀಗಾದರೆ ಎಂದು ಸೆರಗು ಹೊದ್ದು ಕೂತೆ. ಟೋಪಿ ಕೊಡವಿ ಮತ್ತೆ ನಿನ್ನ ಜಾಗದಲ್ಲಿಟ್ಟೆ.

ಆಚೆಯ ಸ್ಟೇಷನ್ನು ಸೇರಿ ಊಟವಾಯಿತು. ನಾನು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದೆ. ಅಷ್ಟರಲ್ಲಿ ದೊಡ್ಡಪ್ಪನ ಸೀಟಿ: ಇಂಜಿನ್ನಿನ ಮುಂದೆ ಫೋಟೋ, ಎಲ್ಲರೂ ಬನ್ನಿ, ಟೋಪಿ ಹಾಕಿಕೊಂಡು ಬನ್ನಿ. ಹೋಗಿ ನೋಡುತ್ತೇನೆ, ಆ ಮೆದುಮಾತಿನವನ ತಲೆಯ ಮೇಲೆ ಟೋಪಿ ಇದೆ. ಹಿಂದುಮುಂದಾಗಿ ಹಾಕಿಕೊಂಡಿದ್ದಾನೆ. ಹಿಂದೆ ಹೋಗಿ ಓದಿದೆ. "ಮಗಳು."

"ಅವನದು ಹಾರಿಹೋಯ್ತಲ್ಲ, ಅದು ಖಾಲಿ ಬಿದ್ದಿತ್ತು, ನಾನೇ ಕೊಟ್ಟೆ" ಎಂದರು ದೊಡ್ಡಪ್ಪ.

"ಟೋಪಿ ತೆಗಿ" ಎಂದೆ ಅವನಿಗೆ. ಮದುವೆಯಾದ ದಿನದಿಂದ ಬನ್ನಿ ಹೋಗಿ ಎಂದೇ ಮಾತಾಡಿಸಿದ್ದೆ. ಅವತ್ತಿಗೆ ಅದು ಮುಗಿಯಿತು.

"ಅತ್ತೆ, ಬರೀ ಫೋಟೋಗೆ" ಎಂದ, ಅದೇ ಬೆಣ್ಣೆಯಂಥ ದನಿಯಲ್ಲಿ.

"ಹೋಗಲಿ ಬಿಡೇ, ಒಂದು ಟೋಪಿ ತಾನೆ" ಎಂದರು ನಿನ್ನಪ್ಪ, ಮುಂದಿನ ಸಾಲಿನ ಕುರ್ಚಿಯಿಂದ.

ಅವನು ತೆಂಗಿನ ಮರ, ನಾನು ಮೋಟುದ್ದ. ಕೈಗೆಟುಕುವುದಿಲ್ಲ. ಇಂಜಿನ್ನಿಗೆ ಹತ್ತುವ ಮೆಟ್ಟಿಲಿದೆಯಲ್ಲ, ಅದರ ಮೇಲೆ ಕಾಲಿಟ್ಟೆ. ಮೇಲಿದ್ದ ಕಲ್ಲಿದ್ದಲು ಹಾಕುವಾತ ಏನು ತಿಳಿದುಕೊಂಡನೋ, "ಬನ್ನಿ ಅಮ್ಮ, ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದು ಮಸಿಗೈ ಚಾಚಿ ಎಳೆದುಕೊಂಡ. ಮೇಲಿನಿಂದ ಕೈ ಹಾಕಿ ಅವನ ತಲೆಯಿಂದ ನಿನ್ನ ಟೋಪಿ ಕಿತ್ತುಕೊಂಡೆ. ಕಿತ್ತುಕೊಂಡ ಮೇಲೆ ಸುಮ್ಮನೆ ಇಳಿಯಬಹುದಿತ್ತು. ಇಳಿಯಲಿಲ್ಲ. ಅಷ್ಟು ಎತ್ತರದಲ್ಲಿ ನಿಂತು ಮಾತಾಡುವ ಯೋಗ ನನಗೆ ಇನ್ನು ಯಾವಾಗ ಬರಬೇಕು?

"ಎಲ್ಲರೂ ಇದ್ದೀರ, ಕೇಳಿಸ್ಕೊಳ್ಳಿ. ನನ್ನ ಮಗಳು ಆ ಮನೆಗೆ ಹೋಗಲ್ಲ. ಹೋಗು ಅಂತ ನಾನು ಬರೆಯೋದೂ ಇಲ್ಲ. ಯಾರಿಗೆ ಅವನು ಅಷ್ಟು ಇಷ್ಟವೋ ಅವರು ಕರ್ಕೊಂಡು ಹೋಗಿ ಮನೇಲಿ ಇಟ್ಕೊಳ್ಳಿ."

ದೊಡ್ಡಪ್ಪ ಕೆಂಪು ಬಾವುಟ ಎತ್ತಿ ಬೀಸಿದರು. ನಿಜ ಹೇಳುತ್ತೇನೆ, ನನ್ನ ಮುಖಕ್ಕೇ ಬೀಸಿದರು.

"ಆ ಬಾವುಟಕ್ಕೆ ಅಂಚು ಹೊಲಿದವಳು ನಾನು ಭಾವ. ನನಗೇ ತೋರಿಸಬೇಡಿ."

ಅದೇ ಹೊತ್ತಿಗೆ ಡ್ರೈವರ್ ಸೀಟಿ ಹೊಡೆದುಬಿಟ್ಟ. ಬೇಕೆಂದೇ ಹೊಡೆದನೋ ಹೊತ್ತಾಯಿತೆಂದು ಹೊಡೆದನೋ ಗೊತ್ತಿಲ್ಲ. ಫೋಟೋದವನೂ ಬೆಚ್ಚಿ ಗುಂಡಿ ಒತ್ತಿದ. ಫೋಟೋ ಬಂದಿದೆ, ಇದರ ಜೊತೆ ಇಟ್ಟಿದ್ದೇನೆ. ಇಡೀ ಮನೆತನ ಕಿವಿ ಮುಚ್ಚಿಕೊಂಡು ಕಣ್ಣು ಕಿವುಚಿಕೊಂಡಿದೆ. ಮೇಲೆ ಟೋಪಿ ಹಿಡಿದುಕೊಂಡು, ಕೆನ್ನೆಗೆ ಮಸಿ ಮೆತ್ತಿಕೊಂಡು, ಬಾಯಿ ತೆರೆದು ನಿಂತಿರುವವಳು ನಿನ್ನಮ್ಮ. ಚೆನ್ನಾಗಿ ಬಂದಿಲ್ಲ, ಆದರೂ ಇಟ್ಟುಕೋ.

ವಾಪಸ್ ಬರುವಾಗ ನನ್ನ ಸುತ್ತಮುತ್ತ ಯಾರೂ ಕೂರಲಿಲ್ಲ. ಆ ಬೋಗಿಯ ಸೀಟುಗಳ ಒರಗು ಮಗುಚುವಂಥದ್ದು. ಇಂಜಿನ್ನನ್ನು ಆ ತುದಿಯಿಂದ ಬಿಚ್ಚಿ ಈ ತುದಿಗೆ ಕಟ್ಟಿದ ಮೇಲೆ, ಒರಗನ್ನು ಆ ಕಡೆಗೆ ತಳ್ಳಿದರೆ ನಮ್ಮ ಮುಖ ಹೋಗುವ ದಿಕ್ಕಿಗೆ ಬರುತ್ತದೆ. ಎಲ್ಲರೂ ಹಾಗೆ ಮಾಡಿ ನನಗೆ ಬೆನ್ನು ಹಾಕಿ ಕೂತರು. ನಿನ್ನಪ್ಪನೂ ಎದ್ದು ಅಣ್ಣನ ಪಕ್ಕಕ್ಕೆ ಹೋದರು. ನಿನ್ನ ದೊಡ್ಡಮ್ಮ ಬಂದು ನನ್ನ ಮುಂದಿನ ಸೀಟಿನ ಒರಗನ್ನು ದಢಾರನೆ ಆಚೆಗೆ ಮಗುಚಿ, ನನ್ನ ಎದುರಿಗೆ ಕೂತಳು. ದೊಡ್ಡಪ್ಪ ಅಲ್ಲಿಂದಲೇ, "ಹಿಂದುಮುಂದಾಗಿ ಕೂತರೆ ತಲೆ ಸುತ್ತತ್ತೆ ನಿನಗೆ" ಎಂದರು.

"ನಲವತ್ತು ವರ್ಷದಿಂದ ಸುತ್ತುತ್ತಾನೇ ಇದೆ, ನೀವು ಸುಮ್ನಿರಿ" ಎಂದಳು ಅವಳು. ಆಮೇಲೆ ನಾವಿಬ್ಬರೂ ಬಿಸ್ಕತ್ತು ತಿಂದುಕೊಂಡು ಬಂದೆವು. ನಿನ್ನ ಜಾಗದಲ್ಲಿ ನಿನ್ನ ಟೋಪಿ ಕೂತಿತ್ತು.

ಆದ್ದರಿಂದ, ಮರಿ, ಅಪ್ಪಣೆಯಂತೆ ಬರೆಯುತ್ತಿದ್ದೇನೆ. ಹೋಗಬೇಡ. ಯಾರು ಫೋನು ಮಾಡಿ ಅತ್ತರೂ, ಯಾರಿಗೆ ಹುಷಾರಿಲ್ಲವೆಂದರೂ, ನಾನೇ ಸತ್ತೆನೆಂದು ಹೇಳಿ ಕಳಿಸಿದರೂ ಆ ಮನೆಯ ಮೆಟ್ಟಿಲು ತುಳಿಯಬೇಡ. ಟೋಪಿಯನ್ನು ಒಗೆದು ಇಸ್ತ್ರಿ ಮಾಡಿ ಪಾರ್ಸೆಲ್ ಕಳಿಸಿದ್ದೇನೆ. ಬೂಟಿನ ಅಚ್ಚು ಪೂರ್ತಿ ಹೋಗಿಲ್ಲ. ಬಿಸಿಲಿಗೆ ಹಾಕಿಕೋ, ಹಾಸ್ಟೆಲಿನ ಹುಡುಗಿಯರು ನಕ್ಕರೆ ನಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ವರ್ಷ ತಲೆಯೆತ್ತಿಕೊಂಡು ಬಾಳು ಕಂದ.

ನಿನ್ನ
ಅಮ್ಮ

ತಾ.ಕ.: ಕೈ ಯಾಕೆ ಹಿಡಿದುಕೊಂಡಿತ್ತು ಎಂದು ಬರೆಯಬಾರದೆಂದಿದ್ದೆ. ಕವರು ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಸುರಂಗದ ಕತ್ತಲಲ್ಲಿ ಅವನು ನನ್ನ ಬಲತೋಳು ಹಿಡಿದ. ಮೊಣಕೈ ಮೇಲೆ, ನಿನಗೆ ಹಿಡಿಯುತ್ತಿದ್ದ ಜಾಗದಲ್ಲೇ. ಹಿಂಡಿದ. ಕಿವಿಯ ಹತ್ತಿರ ಬಾಯಿ ತಂದು, "ಕಾಗದ ಚೆನ್ನಾಗಿ ಬರೀರಿ ಅತ್ತೆ" ಎಂದ, ಅದೇ ಮೆತ್ತನೆಯ ದನಿಯಲ್ಲಿ. ಅವನ ನಾಲ್ಕು ಬೆರಳಿನ ಅಚ್ಚೂ ತೋಳಿನ ಮೇಲೆ ನೀಲಿಗಟ್ಟಿವೆ. ಬೇಸಿಗೆಯಲ್ಲಿ ನೀನು ಉದ್ದ ತೋಳಿನ ರವಿಕೆ ಹೊಲಿಸಿಕೊಳ್ಳುತ್ತಿದ್ದೆಯಲ್ಲ, ನಾನು ಹಾಗೆ ಮಾಡುವುದಿಲ್ಲ. ಗಿಡ್ಡ ತೋಳಿನದನ್ನೇ ಹಾಕಿಕೊಂಡು ಅಂಗಡಿಯಲ್ಲಿ ಕೂತಿದ್ದೇನೆ. ಏನಮ್ಮ ಇದು ಎಂದು ಕೇಳಿದವರಿಗೆಲ್ಲ ಇಂಥವನು ಮಾಡಿದ್ದು ಎಂದು ಹೇಳುತ್ತಿದ್ದೇನೆ. ಡಾಕ್ಟರಮ್ಮನಿಗೂ ತೋರಿಸಿ ಬರೆಸಿಕೊಂಡಿದ್ದೇನೆ.

ಬೆಳಕು ಬಂದಾಗ ಅವನ ಕೈ ಇನ್ನೂ ನನ್ನ ತೋಳಿನ ಮೇಲೆಯೇ ಇತ್ತು. ನಿನ್ನಪ್ಪ ಎದುರಿಗೇ ಇದ್ದರು. ನೋಡಿದರು ಮರಿ. ಅವನ ಕೈ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ "ಕಿಟಕಿ ತೆಗೀರಪ್ಪ, ಹೊಗೆ ಹೋಗಲಿ" ಎಂದು ಪೇಪರು ಎತ್ತಿಕೊಂಡರು. ಅವತ್ತಿನಿಂದ ನಾನು ಅಂಗಡಿಯಲ್ಲೇ ಮಲಗುತ್ತಿದ್ದೇನೆ.

ಸಾಕ್ಷಿ ಎಲ್ಲಿ ಎಂದು ದೊಡ್ಡಪ್ಪ ಕೇಳಿದ್ದರಲ್ಲ. ನಿನ್ನ ವಕೀಲರಿಗೆ ಹೇಳಿ ಎರಡು ಹೆಸರು ಬರೆಸು. ಒಂದು ನನ್ನದು. ಇನ್ನೊಂದು ನಿನ್ನಪ್ಪನದು. ಕೋರ್ಟಿನಲ್ಲಿ ನನ್ನ ಎದುರು ನಿಂತು ಹೇಳಲಿ, ನಾನು ನೋಡಲಿಲ್ಲ ಎಂದು.