ಬಾಯಿಯ ದಾರಿ, ನರದ ದಾರಿ

ಮಾರ್ಚ್ 12, ಬೆಳಿಗ್ಗೆ 7
ಮೂತ್ರ ಪರೀಕ್ಷೆಯ ಸ್ಟ್ರಿಪ್ ಕಡು ಹಸಿರು. ತ್ರೀ ಪ್ಲಸ್. ಶಮೀನಾಳ ಕಿಡ್ನಿಯಿಂದ ಮೂತ್ರಕ್ಕೆ ಪ್ರೋಟೀನ್ ಇನ್ನೂ ಸೋರುತ್ತಿದೆ. ಕಣ್ಣಿನ ಕೆಳಗೆ ಬಾವು. ಹತ್ತು ದಿನದಿಂದ ಕೊಡುತ್ತಿರುವ ನಾಲ್ಕು ಸ್ಟಿರಾಯ್ಡ್ ಮಾತ್ರೆ, ಎರಡು ದೋಸೆ ಮುಂದಿಟ್ಟೆ. ನಮಗೆಲ್ಲ ರಂಝಾನಿನ ಉಪವಾಸ, ನೋಂಬು; ಮೇಜಿಗೆ ಅವಳೊಬ್ಬಳೇ. ಎಂಟು ವರ್ಷದ ಮಗಳಿಗೆ ಅದೇ ಬೇಸರ.

ಮಾರ್ಚ್ 14
ಪುತ್ತೂರು. ಡಾಕ್ಟರ್ ಗೌರೀಶಂಕರ ನಾನು ದಿನವೂ ಬರೆಯುವ ಪ್ರೋಟೀನ್ ಪುಸ್ತಕ ತಿರುವಿದರು. "ಹಿಂದಿನ ಸಲ ಹತ್ತು ದಿನದಲ್ಲಿ ಕಮ್ಮಿಯಾಗಿತ್ತಲ್ಲ? ಕರುಳೂ ಬಾತಿದ್ರೆ ಮಾತ್ರೆ ಸರಿ ಹಿಡಿಯುದಿಲ್ಲ. ಸೋಮವಾರದವರೆಗೆ ನೋಡುವ. ಇಲ್ಲದಿದ್ರೆ ಮಂಗಳೂರಲ್ಲಿ ಅಡ್ಮಿಟ್ ಮಾಡಿ ಡ್ರಿಪ್‌ನಲ್ಲಿ ಕೊಡುದು."
"ಡ್ರಿಪ್ಪೇ ಒಳ್ಳೆಯದಾ?"
"ಬೇಗ ಸೇರ್ತದೆ. ಆದ್ರೆ ಬಿಪಿ ಏರಬಹುದು, ಇನ್ಫೆಕ್ಷನ್ ಆಗಬಹುದು. ಬಾಯಿಯಲ್ಲಿ ಆಗುದಾದ್ರೆ ಅದೇ ಒಳ್ಳೆಯದು."
ಶಮೀನಾ ನನ್ನ ಶಾಲಿನೊಳಗೆ ಕೈ ಬಚ್ಚಿಟ್ಟುಕೊಂಡಳು.
ಮನೆಗೆ ಬಂದು ಪುಟದ ನಡುವೆ ಗೆರೆ ಎಳೆದೆ. ಈಚೆ ಓರಲ್, ಬಾಯಿಯಲ್ಲಿ; ಆಚೆ ಐವಿ, ನರದಲ್ಲಿ. ಎರಡೂ ಕಡೆ ಬರೆದದ್ದು ಹೆದರಿಕೆಯೇ.

ಮಾರ್ಚ್ 16, ಬೆಳಿಗ್ಗೆ 11
ಒಗೆಯಲು ಅವಳ ನಮಾಝಿನ ಬಟ್ಟೆ ತೆಗೆದೆ. ಕಿಸೆಯಲ್ಲಿ ಕರ್ಚೀಫಿನ ಗಂಟು. ಇಪ್ಪತ್ತನಾಲ್ಕು ಮಾತ್ರೆ... ಆರು ದಿನದ್ದು.
"ಎಂತ ಇದು?"
"ನೋಂಬು ಮುರಿತದಲ್ಲ ಉಮ್ಮ."
"ದೋಸೆ?"
"ಕೋಳಿಗೆ ಹಾಕಿದೆ." ಮತ್ತೆ, ಮೆಲ್ಲ — "ನೋಂಬಿನವರು ಬೇಡಿದ ದುಆ ದೇವರಿಗೆ ಕೇಳ್ತದೆ ಅಂತ ಅಜ್ಜಿ ಹೇಳಿದ್ರು. ಸೂಜಿ ಬೇಡ ಅಂತ ಕೇಳಿದ್ದು ನಾನು."
ಅತ್ತೆ ರುಕಿಯಾ ತಲೆಯ ಮೇಲೆ ಕೈ ಹೊತ್ತರು. "ಕಾಯಿಲೆಯವರಿಗೆ ನೋಂಬು ಇಲ್ಲ ಅಂತಲೂ ಹೇಳಿದ್ದೆ ಮಾರಾಯ್ತಿ! ಅದು ಮಾತ್ರ ಕೇಳ್ಲಿಲ್ಲವಾ?"
ದಿನವೂ ಪುಸ್ತಕದಲ್ಲಿ ಟಿಕ್ ಹಾಕಿದವಳು ನಾನು. ನುಂಗುವುದನ್ನು ನೋಡಿದ್ದೆನೇ? ಖಾಲಿ ಲೋಟ ನೋಡಿದ್ದೆ, ಅಷ್ಟೇ.
ಡಾಕ್ಟರಿಗೆ ಫೋನ್. "ಬೈಬೇಡಿ. ಈಗಲೇ ತಿಂಡಿ ತಿನ್ನಿಸಿ ಕೊಡಿ. ಈ ಮಾತ್ರೆ ಒಮ್ಮೆಲೇ ನಿಂತದ್ದು ಅಪಾಯ. ವಾಂತಿ, ಸುಸ್ತು ಕಂಡ್ರೆ ಕಾಯುದು ಬೇಡ, ಹತ್ತಿರದ ಆಸ್ಪತ್ರೆಗೆ ಹೋಗಿ. ಆಗ ಸೂಜಿಯಲ್ಲಿ ನರಕ್ಕೇ ಕೊಡಬೇಕಾಗ್ತದೆ."

ಮಧ್ಯಾಹ್ನ 12
ಕಣ್ಣೆದುರೇ ನುಂಗಿದಳು. ನಾಲಿಗೆ ಎತ್ತಿ ತೋರಿಸಿದಳು. ಹಾಗಾದರೆ ಮಾತ್ರೆ ಸೋತಿಲ್ಲ, ಹೊಟ್ಟೆಗೇ ಸೇರಿರಲಿಲ್ಲ. ಡ್ರಿಪ್ ಬೇಡವಾಗಬಹುದು... ಇಷ್ಟು ಬೇಗ ಸಂತೋಷಪಡಬಹುದೇ?

12.40, ಕಾರಿನಲ್ಲಿ
ಹೊತ್ತು ಮರೆಯಬಾರದೆಂದು ಬರೆಯುತ್ತಿದ್ದೇನೆ. ವಾಂತಿ 12.15ಕ್ಕೆ. ಅರೆ ಕರಗಿದ ಮಾತ್ರೆ. 12.25ಕ್ಕೆ ಮತ್ತೆ. ಕೈಕಾಲು ತಣ್ಣಗೆ. ಗುತ್ತಿಗಾರು ದಾಟಿದೆವು, ಸುಳ್ಯ ಇನ್ನೂ ದೂರ. ಕಾರು ಓಡಿಸುತ್ತಿರುವುದು ನನ್ನವರು, ಅಸ್ಕರ್.
ತೊಡೆಯ ಮೇಲೆ ತಲೆಯಿಟ್ಟು ಕೇಳಿದಳು — "ನೋಂಬು ಮುರಿದದ್ದಕ್ಕಾ ಉಮ್ಮ?"
ಅಲ್ಲ ಎಂದೆ.
"ಹಾಗಾದ್ರೆ ಸೂಜಿ ಇಲ್ಲ ಅಲ್ವಾ?"
ನಾನು ಅವಳ ತಣ್ಣಗಿನ ಕೈಯನ್ನು ಶಾಲಿನೊಳಗೆ ಎಳೆದುಕೊಂಡು, "ಇದೆ ಮಗಳೇ, ಈ ಸಲ ಸೂಜಿಯೇ ಮದ್ದು" ಎಂದೆ.