ಯಾರ ಜೊತೆ ಇರ್ತೀಯ?

ಜೂನ್ ೧೨, ಬುಧವಾರ

ಇಂದು ನ್ಯಾಯಾಧೀಶರು ಮಗಳೊಬ್ಬಳನ್ನೇ ತಮ್ಮ ಕೋಣೆಗೆ ಕರೆಸಿ, ಯಾರ ಜೊತೆ ಇರುತ್ತೀಯೆಂದು ಕೇಳಿದರು. ವಿಚ್ಛೇದನಕ್ಕೆ ನಾವಿಬ್ಬರೂ ಒಪ್ಪಿಯಾಗಿದೆ. ಉಳಿದಿದ್ದು ಇವಳ ವಿಷಯ ಮಾತ್ರ. ಹೊರಗಿನ ಬೆಂಚಿನಲ್ಲಿ ಗಂಡ ಆ ತುದಿಗೆ, ನಾನು ಈ ತುದಿಗೆ ಕುಳಿತಿದ್ದೆವು. ನನ್ನನ್ನೇ ಆರಿಸುತ್ತಾಳೆಂಬ ಧೈರ್ಯ ನನಗಿತ್ತು.

ಮೆಟ್ಟಿಲಿಳಿಯುವಾಗ ಕೈ ಹಿಡಿದುಕೊಂಡಳು. "ಅಮ್ಮಾ, ಅಪ್ಪನ ಜೊತೆ ಇರ್ತೀನಿ ಅಂದೆ. ಬೇಜಾರು ಮಾಡ್ಕೋಬೇಡ."

"ಯಾಕೆ ಪುಟ್ಟಿ?"

"ನೀನು ಒಬ್ಳೇ ಇದ್ರೂ ಗಟ್ಟಿಯಾಗಿರ್ತೀಯ. ಅಪ್ಪ ಒಬ್ರೇ ಇದ್ರೆ ಅಳ್ತಾರೆ."

ಅವಳೆದುರು ಅಳಬಾರದೆಂದು ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದೆ. ನನಗೆ ಅಳುವೇ ಬರುವುದಿಲ್ಲವೆಂದು ಅವಳು ನಂಬಿಬಿಟ್ಟಿದ್ದಾಳೆ. "ಒಳ್ಳೇದೇ ಮಾಡ್ದೆ" ಅಂದೆ, ಆಗಲೂ ನಗುತ್ತಲೇ.

ಈಗ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ನಾನು ಅತ್ತರೆ ಅವಳಿಗೆ ಕೇಳಿಸುತ್ತದೆ, ಕೇಳಿಸಿದರೆ ಮನಸ್ಸು ಬದಲಾಯಿಸುತ್ತಾಳೆ. ಕೇಳಿಸಿಯೇ ಬಿಡಲಿ ಅನ್ನಿಸುತ್ತಿದೆ. ಛೆ, ಎಂಥ ತಾಯಿ ನಾನು, ಮಗುವಿನ ಕರುಣೆಯನ್ನೇ ಬಳಸಿಕೊಂಡು ಗೆಲ್ಲಲು ನೋಡುತ್ತಿದ್ದೇನೆ.