ಆ ಶನಿವಾರದ ‘ಆರಾಮ’

ಬೈರಿದೇವರಕೊಪ್ಪ, ಹುಬ್ಬಳ್ಳಿ
2 ಫೆಬ್ರುವರಿ 2025

ಪ್ರೀತಿಯ ಮೇಬಲ್ ಅಕ್ಕನಿಗೆ,

ಕರುಣಾಳ ನಮಸ್ಕಾರ. ಕ್ರಿಸ್‌ಮಸ್ಸಿಗೆ ನೀವು ಬೆಟಗೇರಿಯಿಂದ ಕಳಿಸಿದ ಕಾರ್ಡಿಗೂ ಕರ್ಜಿಕಾಯಿಗೂ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡಿ. “ಒಂದು ಫೋನ್ ಮಾಡಾಕ ಏನ್ ರೋಗ ನಿನಗ?” ಎಂದು ನೀವು ಕೇಳುವುದು ಇಲ್ಲಿಗೇ ಕೇಳಿಸುತ್ತಿದೆ. ರೋಗವೇ ಅಕ್ಕ. ಕೊರೋನಾ ಕಾಲದಲ್ಲಿ ಆರಾಮ ಕೇಳಲೆಂದು ಕಾಲೇಜು ನಮಗೆ ಒಬ್ಬೊಬ್ಬರಿಗೂ ಹಂಚಿದ್ದ ನಲವತ್ತು ಮಕ್ಕಳಿಗೆ ಶನಿವಾರ ಶನಿವಾರ ಫೋನ್ ಹಚ್ಚಿ ಹಚ್ಚಿ, ಆ ಡಬ್ಬಿ ಕಿವಿಯ ಹತ್ತಿರ ಬಂದರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ಕರ್ಜಿಕಾಯಿ ಮಾತ್ರ ಎರಡೇ ದಿನಕ್ಕೆ ಮುಗಿದವು.

ಸಿಲ್ವಿಯಾಳ ಹೆರಿಗೆ ಸುಸೂತ್ರವಾಗಿದ್ದು ಕೇಳಿ ಸಂತೋಷವಾಯಿತು. ಅಂತೂ ಅಜ್ಜಿ ಆದಿರಿ. ನನ್ನ ಮೊಣಕಾಲು ಹಾಗೇ ಇವೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಮೊದಲು ಕ್ಲಾಸಿಗೆ ಹೋದರೆ ದಣಿವು ಹೋಗುತ್ತಿತ್ತು, ಈಗ ಕ್ಲಾಸಿಗೆ ಹೋಗುವ ಮೊದಲೇ ದಣಿದಿರುತ್ತೇನೆ.

ಹೇಳಬೇಕಾದ ಸುದ್ದಿ ಒಂದಿದೆ. ಸ್ನೇಹಲ್ ನೆನಪಿದ್ದಾಳೆಯೇ? ಬೆಂಗೇರಿಯ ಹುಡುಗಿ, ಆಗ ಬಿ.ಎ. ಕೊನೆಯ ವರ್ಷ, ನನ್ನ ನಲವತ್ತು ಮಕ್ಕಳಲ್ಲಿ ಒಬ್ಬಳು. ಎರಡನೇ ಅಲೆಯಲ್ಲಿ ಅವಳ ತಾಯಿ ತೀರಿಕೊಂಡಳು. ಪರೀಕ್ಷೆಗೆ ಕೂರಲಿಲ್ಲ, ಮರಳಿ ಕಾಲೇಜಿಗೂ ಬರಲಿಲ್ಲ. ಅವಳೇ ಕಳೆದ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಸ್ವಿಚ್ಚುಗಳನ್ನು ಡಬ್ಬಕ್ಕೆ ತುಂಬುವ ಕೆಲಸವಂತೆ. ಬೆರಳ ತುದಿಗಳೆಲ್ಲ ಒಡೆದಿದ್ದವು.

ಆ ಕಾಲದಲ್ಲಿ ಪರೀಕ್ಷೆ ತಪ್ಪಿಸಿಕೊಂಡವರಿಗೆ ವಿಶ್ವವಿದ್ಯಾಲಯ ಈಗ ಕೊನೆಯದೊಂದು ಅವಕಾಶ ಕೊಡುತ್ತಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆದರೂ ಇರಲಿ. ಆಗ ನಿಜವಾಗಿಯೂ ಕಷ್ಟದಲ್ಲಿದ್ದರೆಂದು ಕಾಲೇಜು ಬರೆದುಕೊಡಬೇಕು. ಸ್ನೇಹಲ್ ಅದಕ್ಕಾಗಿಯೇ ಬಂದಿದ್ದಳು.

ನಮ್ಮ ಗುಮಾಸ್ತ ನೀಲಕಂಠಪ್ಪ ಹಳೆಯ ರಿಜಿಸ್ಟರ್ ತೆಗೆದ. ನಿಮಗೆ ಗೊತ್ತಲ್ಲ, ಪ್ರತಿ ಹೆಸರಿನ ಮುಂದೆ ‘ಆರಾಮ’ ಅಥವಾ ‘ತ್ರಾಸು’, ಒಂದೇ ಶಬ್ದ ಬರೆಯಬೇಕಿತ್ತು. ಮುಂದೆ ‘ತ್ರಾಸು’ ಎಂದಿದ್ದ ಹೆಸರು ಪಟ್ಟಿಗೆ ಹೋಗುತ್ತಿತ್ತು. ಅವರಿಗೆ ರೇಷನ್ ಕಿಟ್ಟು, ಮೊಬೈಲ್ ರೀಚಾರ್ಜು, ಮುಖ್ಯವಾಗಿ ಆಮೇಲೆ ಬೇರೆ ಪರೀಕ್ಷೆ. 2021ರ ಮೇ ಹದಿನೈದನೆಯ ತಾರೀಖು, ಶನಿವಾರ, ಪಟ್ಟಿ ಕಳಿಸುವ ಕೊನೆಯ ವಾರ, ಸ್ನೇಹಲ್ ಹೆಸರಿನ ಮುಂದೆ ‘ಆರಾಮ’ ಎಂದಿತ್ತು. ಅವಳ ತಾಯಿ ಸತ್ತದ್ದು ಅದರ ಹಿಂದಿನ ದಿನ.

“ಏನವಾ, ತಾಯಿ ಮಣ್ಣಾದ ಮರುದಿನ ಆರಾಮ ಅಂತ ಹೇಳಿಯಲ್ಲ?” ಎಂದ ನೀಲಕಂಠಪ್ಪ. ಕೆಟ್ಟವನಲ್ಲ, ಬಾಯಿ ಹಾಗೆ.

ಅವಳು ತಲೆ ತಗ್ಗಿಸಿದಳು. “ಹೇಳಿರಬೇಕ್ರಿ. ಆ ವಾರ ಏನ್ ಮಾತಾಡೀನಿ, ಯಾರ ಕೂಡ ಮಾತಾಡೀನಿ, ಒಂದೂ ನೆನಪಿಲ್ರಿ ನನಗ. ಮೇಡಂ ಕೇಳಿದಾಗ ಬಾಯಾಗ ಅದೇ ಬಂದಿರಬೇಕು. ಮೇಡಮ್ಮಾರದೇನ್ ತಪ್ಪು?”

ನಮ್ಮ ಕಡೆಯವರ ಚಾಳಿ ನಿಮಗೆ ಹೊಸದಲ್ಲ. ಮನೆಗೆ ಬೆಂಕಿ ಬಿದ್ದಿರಲಿ, ‘ಆರಾಮ ಏನ್ರಿ’ ಎಂದರೆ ‘ಆರಾಮ್ರಿ, ನೀವು?’ ಎಂದೇ ಉತ್ತರ. ಊಟ ಆಯಿತೇ ಎಂದು ಕೇಳಬೇಕು, ಮನೆಯ ಹಿರಿಯರ ಸುದ್ದಿ ಕೇಳಬೇಕು, ಇನ್ನೇನು ಫೋನ್ ಇಡುತ್ತೇನೆ ಎನ್ನುವಾಗ ಸಣ್ಣ ದನಿಯಲ್ಲಿ ನಿಜ ಹೊರಗೆ ಬರುತ್ತದೆ. ನೀವು ಅಲ್ಲಿಯವರೆಗೂ ಕಾಯುತ್ತಿದ್ದಿರಿ. ಒಬ್ಬೊಬ್ಬರಿಗೆ ಅರ್ಧ ತಾಸು! ನಾವು ನಗುತ್ತಿದ್ದೆವು, “ಮೇಬಲ್ ಮೇಡಂ ಕುಕ್ಕರ್ ಇಟ್ಟು ಫೋನ್ ಹಿಡದ್ರ ಅನ್ನ ಸೀದು ಹೋಗತೈತಿ” ಎಂದು. ಎಲ್ಲ ವಾರ ಸೇರಿ ನಿಮ್ಮ ರಿಜಿಸ್ಟರಿನಲ್ಲಿ ಹದಿನೇಳು ‘ತ್ರಾಸು’ ಇದ್ದವು, ನನ್ನದರಲ್ಲಿ ಮೂರು. ನನ್ನ ಮಕ್ಕಳು ಗಟ್ಟಿ ಎಂದು ಆಗ ಹೆಮ್ಮೆಪಟ್ಟಿದ್ದೆ.

ಕೊನೆಗೆ ನಾನೇ ಪತ್ರ ಬರೆದುಕೊಟ್ಟೆ. ‘ಸದರಿ ವಿದ್ಯಾರ್ಥಿನಿ ಸಂಕೋಚದಿಂದ ತನ್ನ ಕಷ್ಟ ಮುಚ್ಚಿಟ್ಟು ಆರಾಮವೆಂದು ತಿಳಿಸಿದ್ದರಿಂದ ಆಕೆಯ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿರುತ್ತದೆ’ ಎಂದು. ಪ್ರಿನ್ಸಿಪಾಲರು ಓದಿ, “ಛಲೋ ಬರದೀರಿ, ಕಾಲೇಜಿನ ಮ್ಯಾಲೂ ಬರೂದಿಲ್ಲ, ಹುಡುಗಿಗೂ ದಾರಿ ಆತು” ಎಂದರು. ಅರ್ಜಿ ಶುಕ್ರವಾರ ಮಂಜೂರಾಯಿತು. ಜೂನ್‌ನಲ್ಲಿ ಪರೀಕ್ಷೆ. ಪದವಿಯಾದರೆ ಕಾರ್ಖಾನೆಯ ಆಫೀಸಿನೊಳಗೆ ಕೆಲಸ ಕೊಡುವುದಾಗಿ ಹೇಳಿದ್ದಾರಂತೆ. ನಿನ್ನೆ ಸ್ನೇಹಲ್ ಪೇಢೆ ತಂದುಕೊಟ್ಟು ಹೋದಳು. ಡಬ್ಬಿ ಇನ್ನೂ ಬಿಚ್ಚಿಲ್ಲ.

ಚಳಿ ಬಿಡುವವರೆಗೆ ಬೆಳಿಗ್ಗೆ ಚರ್ಚಿಗೆ ನಡೆದು ಹೋಗಬೇಡಿ, ದಮ್ಮು ಏರುತ್ತದೆ. ಸಿಲ್ವಿಯಾಳಿಗೂ ಕೂಸಿಗೂ ನನ್ನ ತುಂಬು ಹೃದಯದ ಆಶೀರ್ವಾದ, ಕೂಸು ನಿಮ್ಮ ಹಾಗೆ ಕಿವಿ ಇದ್ದವಳಾಗಲಿ. ನಿಮ್ಮ ಪ್ರಾರ್ಥನೆಯಲ್ಲಿ ನನ್ನದೂ ಒಂದು ಹೆಸರಿರಲಿ.

ನಿಮ್ಮ ತಂಗಿ,
ಕರುಣಾ

ತಾ.ಕ.: ಪತ್ರ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಅಕ್ಕ, ಆ ಶನಿವಾರ ನಾನು ಸ್ನೇಹಲ್‌ಗೆ ಫೋನ್ ಮಾಡಲೇ ಇಲ್ಲ. ಯಾರಿಗೂ ಮಾಡಲಿಲ್ಲ. ನನಗೆ ಜ್ವರವಿರಲಿಲ್ಲ, ಮನೆಯಲ್ಲಿ ಯಾರೂ ಮಲಗಿರಲಿಲ್ಲ. ಸಾಕಾಗಿತ್ತು, ಅಷ್ಟೇ. ಶುಕ್ರವಾರ ಸಂಜೆಯೇ ನಲವತ್ತು ಹೆಸರಿನ ಮುಂದೆಯೂ ‘ಆರಾಮ’ ಎಂದು ಬರೆದು, ಮರುದಿನ ಕದ ಹಾಕಿಕೊಂಡು ಮಲಗಿಬಿಟ್ಟೆ. ಅವಳು ಆ ಶಬ್ದ ಆಡಿಯೇ ಇಲ್ಲ. ಇದನ್ನು ಪ್ರಿನ್ಸಿಪಾಲರಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ನನ್ನ ಪತ್ರದ ಕೆಳಗೆ ಅವಳ ಸಹಿಯೂ ಬೇಕಿತ್ತು. ಸಹಿಯ ಮೇಲೆ, ಯಾರೂ ಹೇಳದಿದ್ದರೂ, ‘ನನ್ನಿಂದಾದ ತಪ್ಪನ್ನು ಮನ್ನಿಸಬೇಕು’ ಎಂದು ದುಂಡಗೆ ಬರೆದಳು. ಬರೆಯಲು ಪೆನ್ನು ಕೊಟ್ಟವಳು ನಾನು.